ಯಂತ್ರವಿದ್ಯೆಯಿಂದ ನಿರ್ಮಾಣ ಕಾಯಕಕ್ಕೆ

ಬಸವಣ್ಣನವರ ತಾಯಿ ಮಾದಲಾಂಬಿಕೆಯವರ ತವರೂರೆಂದು ಪ್ರತೀತಿ ಪಡೆದ ಇಂಗಳೇಶ್ವರವೂ ಅದರ ಸುತ್ತಣ ಹಳ್ಳಿಗಳೂ ಒಂದು ಕಾಲಕ್ಕೆ ಮಳೆಯನ್ನೇ ನಂಬಿದ ಜೋಳದ ಸೀಮೆ. ಇಂದು ಅದೇ ಸೀಮೆಯ ಒಕ್ಕಲು ಮನೆಗಳಿಂದ ಇಂಜಿನಿಯರಿಂಗ್ ಪದವೀಧರರು ಹೊರಬರುತ್ತಿದ್ದಾರೆ. ಇದು ತಾನಾಗಿ ಒದಗಿದ ಭಾಗ್ಯವಲ್ಲ. ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಭೂಮರಡ್ಡಿ ಕಾಲೇಜು 1947ರಲ್ಲಿ, ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಇಂಜಿನಿಯರಿಂಗ್ ಕಾಲೇಜು 1963ರಲ್ಲಿ, ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು 1980ರಲ್ಲಿ ಆರಂಭವಾದವು. ಈ ಮೂರೂ ಸಂಸ್ಥೆಗಳ ಹಿಂದೆ ಸಮಾಜದ ಹಿರಿಯರ ದೂರದೃಷ್ಟಿಯೂ ಸಾಮಾನ್ಯ ಭಕ್ತರ ಕಾಣಿಕೆಯೂ ಇವೆ.

ಈಗ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತಿದೆ. ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ್ದಾನೆ. ಊರಿನ ಸಮೀಪದಲ್ಲಿ ಅವನಿಗೆ ತಕ್ಕ ದೊಡ್ಡ ಯಂತ್ರದ ಕಾರ್ಖಾನೆಗಳಿಲ್ಲ. ಕರೆದು ಕೆಲಸ ಕೊಡುವವರು ಸೇತುವೆ, ಕಾಲುವೆ, ಆಸ್ಪತ್ರೆ, ವಿದ್ಯುತ್ ಸ್ಥಾವರಗಳನ್ನು ಕಟ್ಟುವ ಕಂಪನಿಯವರು. ಕೆಲಸದ ಹೆಸರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಅಂದರೆ ನಿರ್ಮಾಣ ಕಾರ್ಯದ ನಿರ್ವಹಣೆ. ಆಗ ತಂದೆ ತಾಯಿಯರು, "ಓದಿದ್ದು ಯಂತ್ರ, ಮಾಡುವುದು ಇಟ್ಟಿಗೆ ಸಿಮೆಂಟಿನ ಕೆಲಸವೇ? ಹೊಲ ಒತ್ತೆಯಿಟ್ಟು ಕಟ್ಟಿದ ಫೀಸು ವ್ಯರ್ಥವಾಯಿತೇ?" ಎಂದು ಮರುಗುತ್ತಾರೆ. ಈ ಮರುಕ ಸಹಜವಾದುದು. ಆದರೆ ಅದಕ್ಕೆ ತಕ್ಕ ಆಧಾರವಿದೆಯೇ ಎಂಬುದನ್ನು ನೋಡಬೇಕು. ಯಂತ್ರವಿದ್ಯೆ ನಿರ್ಮಾಣ ಕಾರ್ಯದಲ್ಲಿ ವ್ಯರ್ಥವಾಗದು. ಆದರೆ ಅದು ಮಾತ್ರವೇ ಸಾಲದು. ಈ ಎರಡು ಮಾತುಗಳನ್ನೂ ನಮ್ಮ ಸೀಮೆಯ ನಿದರ್ಶನಗಳಿಂದಲೇ ವಿವರಿಸುವುದು ಈ ಲೇಖನದ ಉದ್ದೇಶ.

ಶಾಸ್ತ್ರ ಹೇಳಿದ ನಾಲ್ವರು

ನಮ್ಮ ಪ್ರಾಚೀನ ವಾಸ್ತುಗ್ರಂಥವಾದ ಮಯಮತವು ನಿರ್ಮಾಣ ಕಾರ್ಯಕ್ಕೆ ನಾಲ್ವರು ಬೇಕೆಂದು ವಿಧಿಸುತ್ತದೆ. ಸ್ಥಪತಿಯು ಸಮಗ್ರ ಕಾರ್ಯದ ಹೊಣೆ ಹೊತ್ತವನು. ಸೂತ್ರಗ್ರಾಹಿಯು ದಾರ ಹಿಡಿದು ಅಳತೆಯನ್ನು ಕಾಯುವವನು. ತಕ್ಷಕನು ಮರ ಕಲ್ಲುಗಳನ್ನು ಕಡಿದು ರೂಪಿಸುವವನು. ವರ್ಧಕಿಯು ಹಾಗೆ ರೂಪಿಸಿದ ಬಿಡಿ ಭಾಗಗಳನ್ನು ಒಂದಕ್ಕೊಂದು ಹೊಂದಿಸಿ ಜೋಡಿಸುವವನು.

ಈ ನಾಲ್ವರಲ್ಲಿ ವರ್ಧಕಿಯ ಕೆಲಸವನ್ನು ಗಮನಿಸಿರಿ. ಬಿಡಿ ಭಾಗಗಳು ಎಷ್ಟೇ ಸುಂದರವಾಗಿದ್ದರೂ ಕೂಡುವಲ್ಲಿ ಕೂಡದಿದ್ದರೆ ಅದು ಮಂದಿರವಾಗದು. ಮೆಕ್ಯಾನಿಕಲ್ ಇಂಜಿನಿಯರನ ಶಿಕ್ಷಣದ ಸಾರವೂ ಇದೇ ಆಗಿದೆ. ಯಂತ್ರವೊಂದರಲ್ಲಿ ನೂರಾರು ಭಾಗಗಳು. ಪ್ರತಿಯೊಂದಕ್ಕೂ ಇಂತಿಷ್ಟೇ ಅಳತೆ, ಅಳತೆಯಲ್ಲಿ ಇಂತಿಷ್ಟೇ ವ್ಯತ್ಯಾಸಕ್ಕೆ ಅವಕಾಶ, ಜೋಡಣೆಗೆ ಇಂತಹುದೇ ಕ್ರಮ. ಇಂದಿನ ನಿರ್ಮಾಣ ನಿರ್ವಾಹಕನು ಸ್ಥಪತಿಯ ಪೀಠದಲ್ಲಿ ಕುಳಿತಿದ್ದಾನೆಂದರೆ, ವರ್ಧಕಿಯ ದೃಷ್ಟಿಯುಳ್ಳವನು ಆ ಪೀಠಕ್ಕೆ ಏರಬಾರದೆಂದು ಹೇಳಲು ಯಾವ ಕಾರಣವೂ ಇಲ್ಲ.

ಸಾಧನಗಳು ಹುಟ್ಟಿದ್ದು ಕಾರ್ಖಾನೆಯಲ್ಲಿ

ಇಂದು ಯಾವುದೇ ದೊಡ್ಡ ಕಾಮಗಾರಿಯ ಕಚೇರಿಗೆ ಹೋದರೂ ಗೋಡೆಯ ಮೇಲೆ ಅಡ್ಡಪಟ್ಟಿಗಳ ಒಂದು ನಕ್ಷೆ ಕಾಣುತ್ತದೆ. ಯಾವ ಕೆಲಸ ಯಾವ ದಿನ ಮೊದಲಾಗಿ ಯಾವ ದಿನ ಮುಗಿಯಬೇಕು ಎಂಬುದನ್ನು ಅದು ಒಂದೇ ನೋಟದಲ್ಲಿ ತೋರಿಸುತ್ತದೆ. ಇದಕ್ಕೆ ಗ್ಯಾಂಟ್ ನಕ್ಷೆಯೆಂದು ಹೆಸರು. ಇದನ್ನು ಬಳಕೆಗೆ ತಂದ ಅಮೆರಿಕದ ಹೆನ್ರಿ ಗ್ಯಾಂಟ್ (1861–1919) ಮೆಕ್ಯಾನಿಕಲ್ ಇಂಜಿನಿಯರರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆಯ ಕೆಲಸದ ಲೆಕ್ಕಕ್ಕಾಗಿ ಅವರು ಬಳಸಿದ ಪಟ್ಟಿ ಮುಂದೆ ಅಣೆಕಟ್ಟು ಹೆದ್ದಾರಿಗಳ ನಿರ್ಮಾಣಕ್ಕೂ ಅನಿವಾರ್ಯವಾಯಿತು.

ಎರಡನೆಯ ಸಾಧನ 'ಕ್ರಿಟಿಕಲ್ ಪಾತ್' ಎಂಬ ಲೆಕ್ಕ. 1957ರ ಸುಮಾರಿಗೆ ಡ್ಯುಪಾಂಟ್ ಎಂಬ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಹಾಗೂ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಇದನ್ನು ರೂಪಿಸಿದರು. ಇದರ ತಿರುಳನ್ನು ಗೃಹಿಣಿಯರು ಬೇಗ ಗ್ರಹಿಸಬಲ್ಲರು. ಮನೆಯಲ್ಲಿ ಮದುವೆ ನಿಶ್ಚಯವಾಗಿದೆ ಎನ್ನಿ. ಬಟ್ಟೆ ಖರೀದಿ ನಾಲ್ಕು ದಿನ ತಡವಾದರೂ ನಡೆದೀತು. ಆದರೆ ಲಗ್ನಪತ್ರಿಕೆ ಅಚ್ಚಾಗುವುದು ತಡವಾದರೆ ಹಂಚುವುದು ತಡ, ಹಂಚುವುದು ತಡವಾದರೆ ಬೀಗರು ಬರುವುದೇ ಸಂಶಯ. ಯಾವ ಕೆಲಸ ಒಂದು ದಿನ ತಡವಾದರೆ ಮುಹೂರ್ತವೇ ಹಿಂದೆ ಸರಿಯುವುದೋ ಅಂತಹ ಕೆಲಸಗಳ ಸರಪಳಿಯೇ ಕ್ರಿಟಿಕಲ್ ಪಾತ್. ನಿರ್ವಾಹಕನ ಕಣ್ಣು ಸದಾ ಆ ಸರಪಳಿಯ ಮೇಲಿರಬೇಕು. ಮಿಕ್ಕ ಕೆಲಸಗಳಿಗೆ ಸ್ವಲ್ಪ ಬಿಡುವಿರುತ್ತದೆ.

ನಮ್ಮ ದೇಶದ ಒಂದು ನಿದರ್ಶನವನ್ನೂ ಇಲ್ಲಿ ನೆನೆಯಬಹುದು. ಡೆನ್ಮಾರ್ಕಿನ ಇಬ್ಬರು ಇಂಜಿನಿಯರರು 1938ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಲಾರ್ಸನ್ ಅಂಡ್ ಟುಬ್ರೊ ಇಂದು ಭಾರತದ ಅತಿ ದೊಡ್ಡ ನಿರ್ಮಾಣ ಕಂಪನಿಗಳಲ್ಲೊಂದು. ಅದರ ಚುಕ್ಕಾಣಿಯನ್ನು ದೀರ್ಘಕಾಲ ಹಿಡಿದಿದ್ದ ಎ.ಎಂ. ನಾಯಕ್ ಅವರು ಗುಜರಾತಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, 1965ರಲ್ಲಿ ಕಿರಿಯ ಇಂಜಿನಿಯರರಾಗಿ ಸೇರಿ, 1999ರಲ್ಲಿ ಮುಖ್ಯಸ್ಥರಾದವರು. ಇದಕ್ಕೆ ವಿರುದ್ಧ ದಿಕ್ಕಿನ ಪಯಣವೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಓದಿದ್ದು ಸಿವಿಲ್. ಆದರೆ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ ಅಳವಟ್ಟವು. ವಿದ್ಯೆಗಳ ನಡುವಿನ ಗೋಡೆ ಕಾಲೇಜಿನ ಕಟ್ಟಡದಲ್ಲಿ ಇರುವಷ್ಟು ಗಟ್ಟಿಯಾಗಿ ಕಾಮಗಾರಿಯಲ್ಲಿ ಇರುವುದಿಲ್ಲ.

ಆಲಮಟ್ಟಿಯ ಗೇಟುಗಳು

ಇಂಗಳೇಶ್ವರದಿಂದ ದಕ್ಷಿಣಕ್ಕೆ ಹೋದರೆ ಕೃಷ್ಣೆಯ ದಡದಲ್ಲಿ ಆಲಮಟ್ಟಿ ಸಿಗುತ್ತದೆ. ಅಲ್ಲಿಯ ಅಣೆಕಟ್ಟನ್ನು ನೋಡದ ಮನೆ ನಮ್ಮ ಭಾಗದಲ್ಲಿ ಇರಲಾರದು. ಆದರೆ ಉದ್ಯಾನವನ್ನೂ ನೀರನ್ನೂ ನೋಡಿ ಬರುವ ನಾವು ಗೇಟುಗಳು ಕುಳಿತ ಬಗೆಯನ್ನು ಯೋಚಿಸುವುದಿಲ್ಲ.

ಆಲಮಟ್ಟಿಯಲ್ಲಿ 26 ಗೇಟುಗಳಿವೆ. ಒಂದೊಂದು 15 ಮೀಟರ್ ಅಗಲ, 15.24 ಮೀಟರ್ ಎತ್ತರ. ನೀರು ಗೇಟಿನ ಮೇಲಂಚಿನವರೆಗೆ ನಿಂತರೆ ಒಂದು ಗೇಟಿನ ಮೇಲೆ ಬೀಳುವ ಒತ್ತಡವನ್ನು ಹೈಸ್ಕೂಲಿನ ಗಣಿತದಿಂದಲೇ ಲೆಕ್ಕ ಹಾಕಬಹುದು. ಅದು ಸುಮಾರು 1,740 ಟನ್ ಆಗುತ್ತದೆ. ಕಮಾನಿನಂತೆ ಬಾಗಿದ ಈ ಗೇಟು ತನ್ನ ಎರಡು ತೋಳುಗಳ ಮೂಲಕ ಆ ಭಾರವನ್ನೆಲ್ಲ ಎರಡು ಬದಿಯ ಕಾಂಕ್ರೀಟ್ ಕಂಬಗಳಿಗೆ ಸಾಗಿಸುತ್ತದೆ. ತೋಳುಗಳು ಕೂಡುವ ತಿರುಗಣೆಗಳೆರಡೂ ಒಂದೇ ಅಕ್ಷರೇಖೆಯಲ್ಲಿರಬೇಕು. ಸ್ವಲ್ಪ ಓರೆಯಾದರೂ ಗೇಟು ಎತ್ತುವಾಗ ಬಿಗಿಯುತ್ತದೆ, ಇಲ್ಲವೇ ಅಂಚಿನಲ್ಲಿ ನೀರು ಸೋರುತ್ತದೆ.

ಇಲ್ಲಿಯೇ ಎರಡು ವಿದ್ಯೆಗಳು ಎದುರುಬದುರಾಗುತ್ತವೆ. ಯಂತ್ರಶಾಲೆಯವನು ಮಿಲಿಮೀಟರಿನ ನೂರನೆಯ ಭಾಗದಲ್ಲಿ ಮಾತನಾಡುತ್ತಾನೆ. ಕಾಂಕ್ರೀಟು ಹಾಕುವವನಿಗೆ ಕೆಲವು ಮಿಲಿಮೀಟರುಗಳ ಹೆಚ್ಚು ಕಡಿಮೆ ಸಹಜ. ಇಬ್ಬರಿಗೂ ಹೊಂದಿಕೆಯಾಗಲೆಂದು ಒಂದು ಜಾಣ ಕ್ರಮವನ್ನು ಅನುಸರಿಸುತ್ತಾರೆ. ಮೊದಲ ಹಂತದ ಕಾಂಕ್ರೀಟು ಹಾಕುವಾಗ ಉಕ್ಕಿನ ಭಾಗಗಳು ಬರುವ ಕಡೆ ಖಾಲಿ ಜಾಗ ಬಿಡುತ್ತಾರೆ. ಅನಂತರ ಉಕ್ಕಿನ ಪಟ್ಟಿಗಳನ್ನು ಸೂಕ್ಷ್ಮವಾಗಿ ಅಳೆದು, ಬೋಲ್ಟುಗಳಿಂದ ಸರಿಪಡಿಸಿ ನಿಲ್ಲಿಸಿ, ಎರಡನೆಯ ಹಂತದ ಕಾಂಕ್ರೀಟನ್ನು ತುಂಬುತ್ತಾರೆ. ಮೊದಲ ಹಂತದವನು ಜಾಗ ಬಿಡಲು ಮರೆತರೆ ಗಟ್ಟಿಯಾದ ಕಾಂಕ್ರೀಟನ್ನು ಒಡೆಯಬೇಕು. ಎರಡನೆಯ ಹಂತದವನು ಅವಸರಪಟ್ಟರೆ ಓರೆ ಶಾಶ್ವತವಾಗಿ ಉಳಿಯುತ್ತದೆ. ಈ ಎರಡು ಹಂತಗಳ ನಡುವೆ ನಿಂತು ಇಬ್ಬರ ಭಾಷೆಯನ್ನೂ ಬಲ್ಲವನಾಗಿ ಕೆಲಸ ನಡೆಸುವವನೇ ನಿಜವಾದ ನಿರ್ವಾಹಕ. ಯಂತ್ರ ಓದಿದವನ ಮೊದಲ ಕಾಣಿಕೆ ಇಲ್ಲಿದೆ.

ಆಲಮಟ್ಟಿ ಇನ್ನೊಂದು ಪಾಠವನ್ನೂ ಹೇಳುತ್ತದೆ. ಲಾಲ್ ಬಹದ್ದೂರ್ ಶಾಸ್ತ್ರಿಯವರು ಅದಕ್ಕೆ ಅಡಿಗಲ್ಲಿಟ್ಟದ್ದು 1964ರ ಮೇ 22ರಂದು. ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ನಡುವೆ 42 ವರ್ಷಗಳು. ಕಲ್ಲು ಉಕ್ಕುಗಳ ಜೊತೆಗೆ ಹಣ, ನದಿ ನೀರಿನ ವಿವಾದ, ಮುಳುಗಡೆಯಾದವರ ಪುನರ್ವಸತಿಗಳೂ ಯೋಜನೆಯ ಭಾಗಗಳೇ. ಸುಪ್ರೀಂ ಕೋರ್ಟು 2000ದಲ್ಲಿ 519.6 ಮೀಟರ್ ಎತ್ತರಕ್ಕೆ ಮಿತಿ ಹಾಕಿತು. ನ್ಯಾಯಾಧಿಕರಣವು 2010ರಲ್ಲಿ 524.256 ಮೀಟರಿಗೆ ಸಮ್ಮತಿಸಿತು. ನಕ್ಷೆಯಲ್ಲಿ ಇದು ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚಿನ ಅಂತರ. ಹಿನ್ನೀರಿನ ಊರುಗಳಲ್ಲಿ ಅದೇ ಅಂತರ ಯಾರ ಮನೆ ಉಳಿಯುವುದು, ಯಾರ ಗದ್ದುಗೆ ಮುಳುಗುವುದು ಎಂಬ ಪ್ರಶ್ನೆಯಾಗುತ್ತದೆ. ಹಳೆಯ ಬಾಗಲಕೋಟೆಯನ್ನು ಬಿಟ್ಟು ನವನಗರಕ್ಕೆ ಹೋದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಕಿಯ ಹಿಂದೆ ಮನುಷ್ಯನನ್ನು ಕಾಣದ ಇಂಜಿನಿಯರನು ಎಷ್ಟೇ ಜಾಣನಾದರೂ ಅಪೂರ್ಣನೇ.

ಏತ ನೀರಾವರಿಯೆಂಬ ಸಮಗ್ರ ಪಾಠಶಾಲೆ

ಅಣೆಕಟ್ಟಿನಲ್ಲಿ ನೀರು ನಿಂತ ಮಾತ್ರಕ್ಕೆ ನಮ್ಮ ಎತ್ತರದ ಹೊಲಗಳಿಗೆ ಅದು ಏರಿ ಬರುವುದಿಲ್ಲ. ಬಸವನ ಬಾಗೇವಾಡಿ ಸೀಮೆಗೆ ಮುಳವಾಡ ಏತ ನೀರಾವರಿ ಯೋಜನೆ ಬೇಕಾದದ್ದು ಇದರಿಂದಲೇ. ಕೃಷ್ಣಾ ಮೇಲ್ದಂಡೆಯ ಕಾಮಗಾರಿಗಳಿಗಾಗಿ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾಯಿತು. ಏತ ನೀರಾವರಿಯ ದಾರಿಯನ್ನು ಹಿಡಿದು ನಡೆದರೆ ಎರಡು ವಿದ್ಯೆಗಳು ಹೇಗೆ ಹೆಣೆದುಕೊಂಡಿವೆ ಎಂಬುದು ತಿಳಿಯುತ್ತದೆ.

ಹಿನ್ನೀರಿನ ಅಂಚಿನಲ್ಲಿ ಜಾಕ್‌ವೆಲ್ ಎಂಬ ಆಳವಾದ ಬಾವಿ. ಅದು ಸಿವಿಲ್ ಕೆಲಸ. ಬಾವಿಯ ಮೇಲೆ ಪಂಪು, ಮೋಟಾರು. ಅವು ಯಂತ್ರದ ಕೆಲಸ. ಅಲ್ಲಿಂದ ಎತ್ತರಕ್ಕೆ ಏರುವ ಉಕ್ಕಿನ ಕೊಳವೆ ಇಬ್ಬರಿಗೂ ಸೇರಿದ್ದು. ಕೊಳವೆ ತುದಿಯ ತೊಟ್ಟಿ, ಕಾಲುವೆಗಳು ಮತ್ತೆ ಸಿವಿಲ್. ಇವೆಲ್ಲಕ್ಕೂ ಪ್ರಾಣವಾದ ವಿದ್ಯುತ್ತು ಬೇರೊಂದು ಸಂಸ್ಥೆಯಿಂದ ಬರಬೇಕು. ಕಾಲುವೆ ಮುಗಿದು ಪಂಪು ಬರದಿದ್ದರೆ ಅದು ಒಣ ಕಂದಕ. ಪಂಪು ಬಂದು ಕೊಳವೆ ಮುಗಿಯದಿದ್ದರೆ ಯಂತ್ರ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತದೆ. ಎರಡೂ ಸಿದ್ಧವಾಗಿ ವಿದ್ಯುತ್ ಕೇಂದ್ರ ಮುಗಿಯದಿದ್ದರೆ ರೈತನು ಮತ್ತೊಂದು ವರ್ಷ ಆಕಾಶವನ್ನೇ ನೋಡಬೇಕು. ಶೇಕಡಾ 90ರಷ್ಟು ಕೆಲಸ ಮುಗಿದಿದೆಯೆಂಬ ವರದಿ ಕಾಗದದಲ್ಲಿ ಚೆನ್ನಾಗಿ ಕಾಣುತ್ತದೆ. ಹೊಲಕ್ಕೆ ಹರಿದ ನೀರು ಮಾತ್ರ ಸೊನ್ನೆಯಾಗಿರಬಹುದು.

ದೊಡ್ಡ ಪಂಪು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುವಲ್ಲ. ಎಷ್ಟು ಎತ್ತರಕ್ಕೆ, ಎಷ್ಟು ನೀರು ಎಂಬುದನ್ನು ಲೆಕ್ಕಹಾಕಿ ಹೇಳಿ ಮಾಡಿಸಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಭೂಸ್ವಾಧೀನದ ತೊಡಕಿನಿಂದ ಕೊಳವೆಯ ದಾರಿ ಬದಲಾದರೆ ಉದ್ದವೂ ಘರ್ಷಣೆಯೂ ಹೆಚ್ಚುತ್ತವೆ, ಹಳೆಯ ಲೆಕ್ಕದ ಪಂಪು ಹೊಸ ದಾರಿಗೆ ಹೊಂದದೆ ವಿದ್ಯುತ್ತನ್ನು ನುಂಗತೊಡಗುತ್ತದೆ. ಸಿವಿಲ್ ವಿಭಾಗದ ಒಂದು ಸಣ್ಣ ಬದಲಾವಣೆ ಯಂತ್ರದ ಆಯುಷ್ಯವನ್ನೇ ಕಡಿಮೆ ಮಾಡಬಲ್ಲದೆಂಬುದು ಯಂತ್ರ ಓದಿದವನಿಗೆ ತಟ್ಟನೆ ಹೊಳೆಯುತ್ತದೆ. ಹಾಗೆಯೇ ಒಮ್ಮೆಲೆ ವಿದ್ಯುತ್ತು ನಿಂತಾಗ ಏರುತ್ತಿದ್ದ ನೀರು ಹಿಂದಿರುಗಿ ಕೊಳವೆಗೆ ಸುತ್ತಿಗೆಯಂತೆ ಬಡಿಯುತ್ತದೆ. ಅದನ್ನು ತಡೆಯುವ ಏರ್ಪಾಡು ಮೊದಲ ನಕ್ಷೆಯಲ್ಲೇ ಇರಬೇಕು. ಬಿಡಿ ಬಿಡಿಯಾಗಿ ಮುಗಿಸುವುದಕ್ಕಿಂತ ಇಡಿಯಾಗಿ ನಡೆಯುವಂತೆ ಮಾಡುವುದು ಅವನ ಎರಡನೆಯ ಕಾಣಿಕೆ.

ಇದೇ ಸೀಮೆಯ ಕೂಡಗಿಯಲ್ಲಿ ಎನ್.ಟಿ.ಪಿ.ಸಿ. ಸಂಸ್ಥೆ 800 ಮೆಗಾವಾಟಿನ ಮೂರು ಘಟಕಗಳ ಸ್ಥಾವರವನ್ನು ಕಟ್ಟಿದೆ. ಅಲ್ಲಿಯೂ ಬಾಯ್ಲರು ಟರ್ಬೈನುಗಳಿಗಾಗಿ ಕಟ್ಟಡವೇ ಹೊರತು ಕಟ್ಟಡಕ್ಕಾಗಿ ಯಂತ್ರವಲ್ಲ. ಇಂದಿನ ದೊಡ್ಡ ಆಸ್ಪತ್ರೆಯಲ್ಲಿಯೂ ಲಿಫ್ಟು, ಆಮ್ಲಜನಕದ ಕೊಳವೆ, ಅಗ್ನಿಶಾಮಕ ಪಂಪು, ಹವಾನಿಯಂತ್ರಣಗಳು ಗೋಡೆ ಕಂಬಗಳಷ್ಟೇ ಮುಖ್ಯವಾಗಿವೆ.

ತುಂಗಭದ್ರೆಯ ಒಂದು ವಾರ

ಯಂತ್ರಜ್ಞಾನವೂ ನಿರ್ವಹಣೆಯೂ ಕೂಡಿದರೆ ಏನಾಗುವುದೆಂಬುದನ್ನು ನಾಡು ಇತ್ತೀಚೆಗೆ ಕಣ್ಣಾರೆ ಕಂಡಿತು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿದ ಹೊತ್ತು ಅದು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮತ್ತು ನೆರೆಯ ರಾಜ್ಯಗಳ ರೈತರ ಬೆಳೆ ಆ ನೀರನ್ನೇ ನಂಬಿತ್ತು.

ಅಣೆಕಟ್ಟಿನ ಗೇಟುಗಳ ತಜ್ಞರಾದ ಹಿರಿಯ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ತಾತ್ಕಾಲಿಕ ತಡೆ ನಿರ್ಮಿಸಲು ನಿರ್ಧರಿಸಲಾಯಿತು. ಐದು ತುಂಡುಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಸಿದ್ಧಪಡಿಸಿ, ಕ್ರೇನುಗಳಿಂದ ಇಳಿಸಿ, ಆಗಸ್ಟ್ 17ರ ವೇಳೆಗೆ ಕೂಡಿಸಲಾಯಿತು. ಈ ಕಾರ್ಯದಲ್ಲಿ ಹೊಸ ಸಿದ್ಧಾಂತವೇನೂ ಇರಲಿಲ್ಲ. ಸರಿಯಾದ ಅಳತೆ, ತಯಾರಿಕೆಯ ಹಂಚಿಕೆ, ಎತ್ತುವ ಸಾಧನ, ಇಳಿಸುವ ಕ್ರಮ, ನೀರಿನ ವೇಗದ ಅರಿವು, ಎಲ್ಲಕ್ಕಿಂತ ಮಿಗಿಲಾಗಿ ಪ್ರಾಣಭಯದ ನಡುವೆ ನಿಂತು ದುಡಿದ ಕಾರ್ಮಿಕರು — ಇವೆಲ್ಲ ಒಂದೇ ಸೂತ್ರದಲ್ಲಿ ಬಂದವು. ಇನ್ನೊಂದು ಎಚ್ಚರಿಕೆಯನ್ನೂ ಆ ಸರಪಳಿ ಹೇಳಿತು. 1950ರ ದಶಕದಿಂದ ದುಡಿದ ಅಣೆಕಟ್ಟಿನ ಕಲ್ಲುಗಟ್ಟಡ ನಿಂತಿತ್ತು. ಕಡಿದದ್ದು ಯಂತ್ರದ ಭಾಗ. ಕಟ್ಟಡವನ್ನು ಒಪ್ಪಿಸಿದ ದಿನವೇ ಯೋಜನೆ ಮುಗಿಯಿತೆಂದು ತಿಳಿಯುವುದು ಸಲ್ಲದು. ಮುಂದಿನ ಐವತ್ತು ವರ್ಷಗಳ ಪಾಲನೆಯನ್ನು ಕಟ್ಟುವಾಗಲೇ ಎಣಿಸಬೇಕು. ಸವೆತವನ್ನು ಅಭ್ಯಾಸ ಮಾಡಿದ ಯಂತ್ರವಿದ್ಯಾರ್ಥಿಯ ಮೂರನೆಯ ಕಾಣಿಕೆ ಇದು.

ಯಂತ್ರಶಾಲೆ ಕಲಿಸದ ವಿಷಯಗಳು

ಇಷ್ಟನ್ನು ಹೇಳಿ ಸುಮ್ಮನಾದರೆ ಅರ್ಧಸತ್ಯವಾದೀತು. ಯಂತ್ರ ಓದಿದವನಿಗೆ ನಿರ್ಮಾಣದಲ್ಲಿ ಎದುರಾಗುವ ಮೊದಲ ಗುರು ಮಣ್ಣು. ನಮ್ಮ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ಕಬ್ಬಿಣದಂತೆ ಇದು ಒಂದೇ ಗುಣದಲ್ಲಿ ನಿಲ್ಲುವ ವಸ್ತುವಲ್ಲ. ಮಲಪ್ರಭಾ ಕಾಲುವೆಗಳ ಕಾಂಕ್ರೀಟ್ ಹೊದಿಕೆ ಎರೆ ಮಣ್ಣಿನ ಉಬ್ಬರಕ್ಕೆ ಒಡೆಯುವ ಸಮಸ್ಯೆ ಬಂದಾಗ, ಮುಂಬಯಿ ಐ.ಐ.ಟಿ.ಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿಯವರ ಸಂಶೋಧನೆ ದಾರಿ ತೋರಿತು. ಎರೆಗೂ ಹೊದಿಕೆಗೂ ನಡುವೆ ಉಬ್ಬದ ಗುಣದ ಅಂಟುಮಣ್ಣಿನ ಪದರ ಹಾಕುವುದೇ ಆ ಉಪಾಯ. ಇಂತಹ ವಿವೇಕ ಯಂತ್ರಶಾಲೆಯಲ್ಲಿ ಸಿಗದು. ಮಣ್ಣು ಬಲ್ಲವರ ಬಳಿ ಕುಳಿತು ಕಲಿಯಬೇಕು.

ಎರಡನೆಯ ಗುರು ಕಾಂಕ್ರೀಟು. ಕಾರ್ಖಾನೆಯಲ್ಲಿ ಕೆಟ್ಟ ಭಾಗವನ್ನು ಎಸೆದು ಬೇರೊಂದನ್ನು ಮಾಡಬಹುದು. ಇಲ್ಲಿ ಕೆಟ್ಟದ್ದು ಕಟ್ಟಡದೊಳಗೇ ಉಳಿಯುತ್ತದೆ. ಅದರ ಬಲದ ಪರೀಕ್ಷೆಗೆ 28 ದಿನ ಕಾಯಬೇಕು. ವಿಜಯಪುರದ ಬಿಸಿಲಿನಲ್ಲಿ ಒದ್ದೆ ಗೋಣಿ ಹೊದಿಸಿ ನೀರುಣಿಸದಿದ್ದರೆ ಉತ್ತಮ ಸಿಮೆಂಟೂ ನಿರರ್ಥಕ. ಕಂಬ ತೊಲೆಗಳ ವಿನ್ಯಾಸವನ್ನು ಮಾತ್ರ ಸ್ಟ್ರಕ್ಚರಲ್ ಇಂಜಿನಿಯರರಿಗೇ ಬಿಡಬೇಕು. ತನಗೆ ತಿಳಿಯದ ವಿದ್ಯೆಯ ಕಾಗದಕ್ಕೆ ಸಹಿ ಹಾಕದಿರುವುದು ನಿರ್ವಾಹಕನ ಮೊದಲ ವ್ರತವಾಗಲಿ.

ಮೂರನೆಯ ಗುರು ದುಡಿಯುವ ಜನ. ಗೌಂಡಿ, ಸೆಂಟ್ರಿಂಗಿನವ, ಕಬ್ಬಿಣ ಬಾಗಿಸುವವ, ಬುಟ್ಟಿ ಹೊರುವ ತಾಯಿ — ಇವರಲ್ಲಿ ಅನೇಕರು ನಮ್ಮದೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಭಾಗದ ಹಳ್ಳಿ ತಾಂಡಾಗಳಿಂದ ಗುಳೆ ಹೋದವರು. ಪುಣೆ, ಗೋವಾ, ಬೆಂಗಳೂರಿನ ಎತ್ತರದ ಮಹಡಿಗಳಲ್ಲಿ ಇವರ ಬೆವರಿದೆ. ಯಂತ್ರಕ್ಕೆ ವೇಗ ಹೆಚ್ಚಿಸಲು ಗುಂಡಿ ಒತ್ತಿದರೆ ಸಾಕು. ಮನುಷ್ಯನಿಗೆ ನೆರಳು, ಕುಡಿಯುವ ನೀರು, ಹೊತ್ತಿಗೆ ಕೂಲಿ, ಗಟ್ಟಿಯಾದ ಅಟ್ಟಣಿಗೆ, ಸೊಂಟಕ್ಕೆ ರಕ್ಷಣೆಯ ಪಟ್ಟಿ ಬೇಕು. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಕಾಯ್ದೆ ತಂದು, ನಿರ್ಮಾಣ ವೆಚ್ಚದ ಮೇಲೆ ಕರ ವಿಧಿಸಿ ಕಲ್ಯಾಣ ನಿಧಿಗೆ ದಾರಿ ಮಾಡಿತು. ಆ ಸೌಲಭ್ಯ ಪಡೆಯಲು ಕಾರ್ಮಿಕನ ಹೆಸರು ನೋಂದಣಿಯಾಗಬೇಕು. ಹಾಗೆ ನೋಂದಾಯಿಸಲು ನೆರವಾಗುವ ನಿರ್ವಾಹಕ ನಮ್ಮ ಮಗನಾಗಿದ್ದರೆ ಅದಕ್ಕಿಂತ ದೊಡ್ಡ ದಾಸೋಹ ಯಾವುದಿದೆ?

ಹಿರಿಯರಿಗೂ ಯುವಕರಿಗೂ ಎರಡು ಮಾತು

ಯುವಕರು ಮೊದಲ ಎರಡು ಮೂರು ವರ್ಷ ಕಚೇರಿಯ ಕುರ್ಚಿಯನ್ನು ಬಯಸದೆ ಬಯಲಿನಲ್ಲಿ ದುಡಿಯಲಿ. ಮಟ್ಟ ಹಿಡಿಯುವುದು, ಅಂದಾಜುಪಟ್ಟಿ ಬರೆಯುವುದು, ಮೆಜರ್‌ಮೆಂಟ್ ಪುಸ್ತಕ ತುಂಬುವುದು, ಕರಾರುಪತ್ರ ಓದುವುದು — ಈ ನಾಲ್ಕನ್ನು ಕೈಯಾರೆ ಕಲಿಯಲಿ. ಅನಂತರ ಅನುಕೂಲವಿದ್ದರೆ ಪುಣೆಯ ನಿಕ್‌ಮಾರ್‌ನಂತಹ ಸಂಸ್ಥೆಗಳಲ್ಲಿ ನಿರ್ಮಾಣ ನಿರ್ವಹಣೆಯ ಉನ್ನತ ಅಭ್ಯಾಸ ಮಾಡಬಹುದು. ಸರ್ಕಾರಿ ಇಲಾಖೆಗಳ ನಿರ್ಮಾಣ ಹುದ್ದೆಗಳಲ್ಲಿ ಬಹುಪಾಲು ಸಿವಿಲ್ ಪದವೀಧರರಿಗೇ ಮೀಸಲಾಗಿರುತ್ತವೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಯಂತ್ರ ಓದಿದವರಿಗೆ ಪಂಪು, ಗೇಟು, ವಿದ್ಯುತ್ ಸ್ಥಾವರ, ಆಸ್ಪತ್ರೆ, ಕಾರ್ಖಾನೆಗಳ ನಿರ್ಮಾಣದಲ್ಲಿ ಹೆಚ್ಚಿನ ಅವಕಾಶವಿದೆ.

ಹಿರಿಯರು ಮಗನ ಕೆಲಸದ ಹೆಸರನ್ನು ನೋಡಿ ಕೊರಗಬಾರದು. ಕನ್ಯೆ ಕೊಡುವವರೂ "ಕಾಮಗಾರಿಯ ಮೇಲಿರುವವನು" ಎಂದು ಹಿಂಜರಿಯಬಾರದು. ಅವನು ಊರೂರು ಅಲೆಯಬೇಕಾದೀತು, ಹಬ್ಬಕ್ಕೆ ಬರಲಾಗದೆ ಹೋದೀತು. ಇದು ಆ ವೃತ್ತಿಯ ನಿಜವಾದ ಕಷ್ಟ. ಅದನ್ನು ಮನೆಯವರೆಲ್ಲ ಕೂಡಿ ವಿಚಾರ ಮಾಡಿ, ಒಪ್ಪಿಕೊಂಡು ಹೆಜ್ಜೆಯಿಡಲಿ. ಕಲಿತ ವಿದ್ಯೆ ಕಳೆದುಹೋಯಿತೆಂಬ ದುಃಖಕ್ಕೆ ಮಾತ್ರ ಕಾರಣವಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಕಾಯಕಗಳಲ್ಲಿ ಮೇಲು ಕೀಳೆಣಿಸದೆ, ಅದನ್ನು ಮಾಡುವ ಮನಸ್ಸಿನ ಶುದ್ಧಿಯನ್ನು ನೋಡಿದರು. ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ ಶಿಲಾಮಂಟಪವಿದೆ. ಅಲ್ಲಿ ಅಕ್ಷರ ಬಲ್ಲವರ ಅರಿವೂ ಉಳಿ ಹಿಡಿದವರ ಕೈಯೂ ಕಲ್ಲನ್ನು ಎತ್ತಿ ನಿಲ್ಲಿಸಿದವರ ಶ್ರಮವೂ ಒಂದಾಗಿವೆ. ಒಬ್ಬರು ತಪ್ಪಿದ್ದರೂ ಮಂಟಪ ನಿಲ್ಲುತ್ತಿರಲಿಲ್ಲ. ಯಂತ್ರ ಓದಿದ ನಮ್ಮ ಮಕ್ಕಳು ಮಣ್ಣು ಬಲ್ಲವರಿಗೂ ದುಡಿಯುವವರಿಗೂ ತಲೆಬಾಗಿ ಕಲಿತು, ನಮ್ಮ ನೆಲಕ್ಕೆ ನೀರನ್ನೂ ರೋಗಿಗೆ ಆಸರೆಯನ್ನೂ ಕಟ್ಟಿಕೊಡುವಂತಾಗಲಿ ಎಂಬುದೇ ನಮ್ಮ ಹಾರೈಕೆ. ಶರಣು ಶರಣಾರ್ಥಿ.